ಬೆಂಕಿಗೆ ಬೇರೆ ಹೆಸರು

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವರ್ತಕರೂ ಕೂಡಿ ನಡೆಸಿದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಗುಟ್ಟಿನ ಭಾಷೆ ನಮ್ಮ ಜನಕ್ಕೆ ಹೊಸದಲ್ಲ. ದನದ ಜಾತ್ರೆಗೆ ಹೋದವರೆಲ್ಲ ನೋಡಿದ್ದೀರಿ. ದಲ್ಲಾಳಿಯೂ ರೈತನೂ ಟವಲಿನ ಕೆಳಗೆ ಕೈಯಿಟ್ಟು, ಬೆರಳು ಹಿಡಿದು, ಬಾಯಿಬಿಡದೆ ಎತ್ತಿನ ಬೆಲೆ ಕಟ್ಟುತ್ತಾರೆ. ಪಕ್ಕದಲ್ಲಿ ನಿಂತವನಿಗೆ ಅವರ ಮುಖವಲ್ಲದೆ ಬೇರೇನೂ ಕಾಣದು. ಜವಳಿ ಅಂಗಡಿಯಲ್ಲಿ ಚೀಟಿಯ ಮೇಲೆ ಅಸಲು ಬೆಲೆಯನ್ನು ಅಕ್ಷರಗಳಲ್ಲಿ ಬರೆದಿಡುವುದುಂಟು. ಗಿರಾಕಿಗೆ ಅದು ತಿಳಿಯಬಾರದು, ಗುಮಾಸ್ತನಿಗೆ ತಿಳಿಯಬೇಕು. ಇದರಲ್ಲಿ ನಾವು ದೊಡ್ಡ ಅಪರಾಧವೇನನ್ನೂ ಕಾಣುವುದಿಲ್ಲ. ಗುಟ್ಟು ತಿಳಿಯದ ಗಿರಾಕಿಗೆ ನಾಲ್ಕು ರೂಪಾಯಿ ಹೆಚ್ಚು ಬಿದ್ದೀತೇ ಹೊರತು ಪ್ರಾಣ ಹೋಗಲಾರದು.

ಈ ದಿನ ನಾವು ಮಾತನಾಡಬೇಕೆಂದಿರುವುದು ಪ್ರಾಣದ ಪ್ರಶ್ನೆಯಿರುವ ಗುಟ್ಟನ್ನು ಕುರಿತು. ದೊಡ್ಡ ಆಸ್ಪತ್ರೆಗಳಲ್ಲಿ, ರೈಲು ನಿಲ್ದಾಣಗಳಲ್ಲಿ, ನಾಟಕಶಾಲೆ, ಹಡಗು, ಕಾರ್ಖಾನೆಗಳಲ್ಲಿ ಅಪಾಯ ಒದಗಿದಾಗ ಧ್ವನಿವರ್ಧಕದಲ್ಲಿ ಒಂದು ಸಂಕೇತದ ಮಾತು ಕೇಳಿಬರುವ ಏರ್ಪಾಡು ಪ್ರಪಂಚದ ಅನೇಕ ಕಡೆ ಇದೆ. ಅದರ ಅರ್ಥ ಅಲ್ಲಿನ ನೌಕರರಿಗೆ ಗೊತ್ತು. ಬಂದು ಕುಳಿತ ಜನಕ್ಕೆ ಗೊತ್ತಿಲ್ಲ, ಗೊತ್ತಾಗಬಾರದೆಂಬುದೇ ಅದರ ಉದ್ದೇಶ. ಈ ಏರ್ಪಾಡು ಯಾವಾಗ ನ್ಯಾಯ, ಯಾವಾಗ ಅನ್ಯಾಯ ಎಂಬುದನ್ನು ದುಡಿಯುವ ಜನ ತಾವೇ ಯೋಚಿಸಿ ನಿಶ್ಚಯಿಸಬೇಕು. ಈವರೆಗೆ ಅದನ್ನು ನಿಶ್ಚಯಿಸಿದವರು ಬೇರೆಯವರು.

ಮೊದಲು ನ್ಯಾಯವಾದುದನ್ನು ಒಪ್ಪಿಕೊಂಡುಬಿಡೋಣ. ನಮ್ಮಲ್ಲಿ ಹಲವರು ಬಂಧುಗಳನ್ನು ಕರೆದುಕೊಂಡು ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ, ಬುತ್ತಿಯ ಚೀಲ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕಾದಿದ್ದೇವೆ. ಇದ್ದಕ್ಕಿದ್ದಂತೆ ಮೈಕಿನಲ್ಲಿ ‘ಕೋಡ್ ಬ್ಲೂ’ ಎಂದು, ಮಹಡಿಯ ಸಂಖ್ಯೆಯೊಡನೆ, ಎರಡು ಮೂರು ಸಲ ಕೂಗುತ್ತಾರೆ. ಕೂಡಲೆ ದಾದಿಯರೂ ಡಾಕ್ಟರೂ ಓಡುತ್ತಾರೆ. ಅಲ್ಲಿ ಒಬ್ಬ ರೋಗಿಯ ಹೃದಯ ನಿಂತಿದೆ ಎಂದು ಅದರ ಅರ್ಥ. ಈ ಮಾತನ್ನು ಬಿಚ್ಚಿ ಹೇಳಿ ಬೆಂಚಿನ ಮೇಲೆ ಕುಳಿತ ಇನ್ನೂರು ಜನರ ಎದೆ ಒಡೆಯುವುದರಿಂದ ಯಾರಿಗೂ ಲಾಭವಿಲ್ಲ. ಆ ರೋಗಿಗೆ ಬೇಕಾದುದು ಎದೆ ಒತ್ತಲು ಕಲಿತ ಕೈ. ನಮ್ಮಂಥವರು ದಾರಿ ಬಿಟ್ಟರೆ ಸಾಕು. ಇಲ್ಲಿ ಸಂಕೇತ ಸಲ್ಲುತ್ತದೆ. ಕೇಳುವವನ ಪ್ರಾಣಕ್ಕೆ ಅಪಾಯವಿಲ್ಲ, ಕೇಳಿ ಅವನು ಮಾಡಬಹುದಾದುದೂ ಏನೂ ಇಲ್ಲ.

ಇನ್ನು ಬೆಂಕಿಯ ಮಾತು. ಬ್ರಿಟನ್ನಿನ ರೈಲು ನಿಲ್ದಾಣಗಳಲ್ಲಿ ‘ಇನ್‌ಸ್ಪೆಕ್ಟರ್ ಸ್ಯಾಂಡ್ಸ್’ ಎಂಬ ಒಬ್ಬ ಅಧಿಕಾರಿಯನ್ನು ಮೈಕಿನಲ್ಲಿ ಕರೆಯುತ್ತಾರೆ: ಅವರು ಕೂಡಲೆ ನಿಯಂತ್ರಣ ಕೊಠಡಿಗೆ ಬರತಕ್ಕದ್ದು ಎಂದು. ಅಂಥ ಅಧಿಕಾರಿಯೇ ಇಲ್ಲ. ಎಲ್ಲಿಯೋ ಬೆಂಕಿಯ ಸೂಚನೆ ಬಂದಿದೆ, ಸಿಬ್ಬಂದಿ ಹೋಗಿ ನೋಡಬೇಕು, ಅಷ್ಟೆ. ಈ ಹೆಸರು ನಾಟಕಶಾಲೆಗಳಿಂದ ಬಂದದ್ದೆನ್ನುತ್ತಾರೆ. ಇಂಗ್ಲಿಷಿನಲ್ಲಿ ಸ್ಯಾಂಡ್ ಎಂದರೆ ಮರಳು. ಬೆಂಕಿ ಆರಿಸಲು ರಂಗದ ಪಕ್ಕದಲ್ಲಿ ಮರಳಿನ ಬಕೆಟ್ಟುಗಳನ್ನು ಇಡುತ್ತಿದ್ದರಲ್ಲ, ಅದರಿಂದ. ಈ ಏರ್ಪಾಡಿನಲ್ಲಿ ಒಂದು ಒಳ್ಳೆಯ ಗುಣವಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸಂಕೇತ ಕೂಗಲು ಶುರುವಾದ ಮೇಲೆ ಗೊತ್ತಾದ ಹೊತ್ತಿನೊಳಗೆ ಯಾರೂ ಹೋಗಿ ನೋಡಿ ಸರಿಯಿದೆ ಎಂದು ತಿಳಿಸದಿದ್ದರೆ, ಎಲ್ಲರೂ ಹೊರಗೆ ಹೋಗಿ ಎಂಬ ನೇರ ಘೋಷಣೆ ತಾನಾಗಿ ಹೊರಡುತ್ತದೆ. ಅಂದರೆ ಗುಟ್ಟಿಗೆ ಗಡಿಯಾರ ಕಟ್ಟಿದ್ದಾರೆ. ಗಡಿಯಾರ ಕಟ್ಟಿದ ಗುಟ್ಟನ್ನು ನಾವು ಸಹಿಸಬಲ್ಲೆವು. ಗಡಿಯಾರವಿಲ್ಲದ ಗುಟ್ಟಿನ ಜೊತೆಗೇ ನಮ್ಮ ಜಗಳ.

ಗುಟ್ಟನ್ನು ಸಮರ್ಥಿಸುವವರದು ಯಾವಾಗಲೂ ಒಂದೇ ವಾದ: ಜನಕ್ಕೆ ನಿಜ ಹೇಳಿದರೆ ಗಾಬರಿಯಾಗುತ್ತಾರೆ, ನುಗ್ಗುತ್ತಾರೆ, ಒಬ್ಬರನ್ನೊಬ್ಬರು ತುಳಿದು ಸಾಯುತ್ತಾರೆ. ಈ ವಾದ ಪೂರ್ತಿ ಸುಳ್ಳೆಂದು ನಾವು ಹೇಳುವುದಿಲ್ಲ. ಬಾಗಿಲು ಕಿರಿದಾಗಿದ್ದು, ಬೀಗ ಹಾಕಿದ್ದು, ಹೊಗೆ ಮೈಮೇಲೆ ಬಂದಾಗ ಜನ ನುಗ್ಗುತ್ತಾರೆ. ಯಾರಾದರೂ ನುಗ್ಗುತ್ತಾರೆ, ಮಾಲೀಕರೂ ನುಗ್ಗುತ್ತಾರೆ. ಆದರೆ ಬಾಗಿಲು ತೆರೆದಿದ್ದು ಹೊತ್ತಿಗೆ ಮುಂಚೆ ನಿಜ ಹೇಳಿದರೆ ಏನಾಗುತ್ತದೆ? ಅದಕ್ಕೆ ಒಂದು ಕಥೆಯಿದೆ. ಕಥೆಯಲ್ಲ, ನಡೆದ ಸಂಗತಿ.

ಅಮೆರಿಕದ ಕೆಂಟಕಿ ರಾಜ್ಯದ ಸೌತ್‌ಗೇಟ್ ಎಂಬ ಊರಿನಲ್ಲಿ ಬೆವರ್ಲಿ ಹಿಲ್ಸ್ ಸಪ್ಪರ್ ಕ್ಲಬ್ ಎಂಬ ದೊಡ್ಡ ಭೋಜನಶಾಲೆಯಿತ್ತು. ಊಟದ ಜೊತೆಗೆ ಹಾಡು, ಹಾಸ್ಯ. 1977ರ ಮೇ 28ರ ರಾತ್ರಿ ಅಲ್ಲಿನ ಒಂದು ಕೋಣೆಯಲ್ಲಿ ಬೆಂಕಿ ಹತ್ತಿತು. ಕಟ್ಟಡದಲ್ಲಿ ಬೆಂಕಿಯ ಗಂಟೆಯಿರಲಿಲ್ಲ, ಮೇಲಿನಿಂದ ನೀರು ಚಿಮ್ಮುವ ಏರ್ಪಾಡೂ ಇರಲಿಲ್ಲ. ಹಿಂದುಗಡೆಯ ದೊಡ್ಡ ಸಭಾಂಗಣದಲ್ಲಿ ಹಿಡಿಸುವುದಕ್ಕಿಂತ ಬಹಳ ಹೆಚ್ಚು ಜನ, ಸಾವಿರಕ್ಕೂ ಮಿಕ್ಕಿ, ಕುಳಿತಿದ್ದರು. ವೇದಿಕೆಯ ಮೇಲೆ ಹಾಸ್ಯಗಾರರು ನಗಿಸುತ್ತಿದ್ದರು. ಬೆಂಕಿಯ ಸುದ್ದಿ ನೌಕರರಿಗೆ ಗೊತ್ತಾಗಿತ್ತು, ಮೇಲಿನವರಿಗೂ ಮುಟ್ಟಿತ್ತು. ಸಭಾಂಗಣಕ್ಕೆ ಮಾತ್ರ ಯಾರೂ ಹೇಳಿರಲಿಲ್ಲ.

ಅಲ್ಲಿ ವಾಲ್ಟರ್ ಬೇಲಿ ಎಂಬ ಹದಿನೆಂಟು ವರ್ಷದ ಹುಡುಗ ಕೆಲಸಕ್ಕಿದ್ದ. ಏನು ಕೆಲಸ? ಎಂಜಲು ತಟ್ಟೆ ಎತ್ತಿ ಮೇಜು ಒರೆಸುವುದು. ನಮ್ಮ ಹೋಟೆಲುಗಳ ಭಾಷೆಯಲ್ಲಿ ಮಾಣಿ. ಅವನು ಬೆಂಕಿ ಕಂಡು ಬಂದು, ಸಭಾಂಗಣವನ್ನು ಖಾಲಿ ಮಾಡಿಸಬೇಕೆಂದು ತನ್ನ ಮೇಲಿನವರಿಗೆ ಹೇಳಿದ. ಅವರು ಹಿಂದೆಮುಂದೆ ನೋಡಿದರು. ಹುಡುಗ ಕಾಯಲಿಲ್ಲ. ನೇರವಾಗಿ ವೇದಿಕೆ ಹತ್ತಿ, ಹಾಸ್ಯಗಾರರನ್ನು ನಿಲ್ಲಿಸಿ, ಮೈಕು ಹಿಡಿದ. ಬಾಗಿಲುಗಳು ಎಲ್ಲೆಲ್ಲಿವೆ ಎಂದು ಕೈತೋರಿಸಿ, ಕಟ್ಟಡದ ಮುಂಭಾಗದಲ್ಲಿ ಬೆಂಕಿಯಿದೆ, ಎಲ್ಲರೂ ಹೊರಡಬೇಕು ಎಂದು ಸರಳವಾಗಿ ತಿಳಿಸಿದ. ಕೆಲವರು ಇದೂ ಹಾಸ್ಯದ ಒಂದು ಭಾಗವೆಂದುಕೊಂಡು ಕುಳಿತೇ ಇದ್ದರಂತೆ. ಬಹುಮಂದಿ ಎದ್ದರು, ಸಾಲಾಗಿ ಹೊರಟರು. ಕೆಲವೇ ನಿಮಿಷಗಳಲ್ಲಿ ಹೊಗೆ ಒಳನುಗ್ಗಿತು. ಆ ರಾತ್ರಿ ಆ ಕಟ್ಟಡದಲ್ಲಿ ಒಟ್ಟು 165 ಜನ ಸತ್ತರು, ಅವರಲ್ಲಿ ಬಹಳ ಮಂದಿ ಅದೇ ಸಭಾಂಗಣದಲ್ಲಿ. ಹುಡುಗ ಮೈಕು ಹಿಡಿಯದಿದ್ದರೆ ಇನ್ನೂ ನೂರಾರು ಹೆಣ ಬೀಳುತ್ತಿತ್ತೆಂಬುದರಲ್ಲಿ ಸಂಶಯವಿಲ್ಲ. ಆ ಬೆಂಕಿಯನ್ನು ಅನಂತರ ಅಭ್ಯಾಸ ಮಾಡಿದ ಸಮಾಜಶಾಸ್ತ್ರಜ್ಞರಿಗೆ ಅಲ್ಲಿ ಕಂಡದ್ದು ಕಾಲ್ತುಳಿತಕ್ಕಿಂತ ಹೆಚ್ಚಾಗಿ ಪರಸ್ಪರ ನೆರವು. ಬಡಿಸುವ ಹುಡುಗಿಯರು ತಮ್ಮ ತಮ್ಮ ಮೇಜಿನವರನ್ನು ಹೊರಗೆ ಕರೆದೊಯ್ದರು. ಎನ್ರಿಕೋ ಕ್ವಾರಾಂಟೆಲಿ ಎಂಬ ವಿದ್ವಾಂಸರಂತೂ ವಿಪತ್ತಿನಲ್ಲಿ ಜನ ಬುದ್ಧಿಗೆಟ್ಟು ಓಡುವುದು ಬಹು ಅಪರೂಪವೆಂದು 1954ರಿಂದಲೇ ಬರೆಯುತ್ತ ಬಂದಿದ್ದರು.

ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ನೆಲದಡಿಯ ರೈಲು ನಿಲ್ದಾಣವೊಂದರಲ್ಲಿ ಇದನ್ನು ಪರೀಕ್ಷೆ ಮಾಡಿಯೂ ನೋಡಿದರು. ಅದರ ವರದಿ 1991ರಲ್ಲಿ ಪ್ರಕಟವಾಯಿತು. ಬರಿ ಗಂಟೆ ಬಾರಿಸಿದಾಗ ಪ್ರಯಾಣಿಕರು ಅಲ್ಲಲ್ಲೇ ನಿಂತರು. ಏನಾಗಿದೆ, ಯಾವ ಕಡೆಯಿಂದ ಹೋಗಬೇಕು ಎಂದು ಮೈಕಿನಲ್ಲಿ ಬಿಚ್ಚಿ ಹೇಳಿದಾಗ ಬೇಗ ಹೊರಟರು. ಜನಕ್ಕೆ ನಿಜವನ್ನೇ ಏಕೆ ಹೇಳಬಾರದು ಎಂಬುದು ಆ ವರದಿಯ ತಲೆಬರಹದಲ್ಲಿಯೇ ಇತ್ತು.

ಈಗ ಇದರ ಇನ್ನೊಂದು ಮಗ್ಗುಲು ನೋಡಿ. ಹಳೆಯ ಸರ್ಕಸ್ಸುಗಳಲ್ಲಿ ಅಪಾಯದ ಸಂಕೇತ ಒಂದು ವಾದ್ಯದ ಮಟ್ಟು. 1944ರ ಜುಲೈ 6ರಂದು ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ರಿಂಗ್ಲಿಂಗ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದುದನ್ನು ಕಂಡ ವಾದ್ಯಮೇಳದ ಮುಖ್ಯಸ್ಥ ಮೆರ್ಲ್ ಇವಾನ್ಸ್ ಆ ಮಟ್ಟನ್ನು ನುಡಿಸಿದ. ಕಸರತ್ತಿನವರಿಗೂ ಕೆಲಸದವರಿಗೂ ಅರ್ಥವಾಯಿತು. ಬೆಂಚಿನ ಮೇಲಿದ್ದ ತಾಯಿ ಮಕ್ಕಳಿಗೆ ಅದೊಂದು ಒಳ್ಳೆಯ ನಡಿಗೆಯ ಹಾಡು ಮಾತ್ರ. ಬಳಿಕ ಸರ್ಕಸ್ಸಿನವರು ಮೈಕಿನಲ್ಲಿ ಜನರಿಗೆ ಹೇಳಲು ಹೋದರು, ಅಷ್ಟರಲ್ಲಿ ವಿದ್ಯುಚ್ಛಕ್ತಿ ನಿಂತುಹೋಗಿತ್ತು. (ನಮ್ಮ ಸಭೆಗಳಲ್ಲಿಯೂ ಬೇಕಾದ ಹೊತ್ತಿಗೇ ಮೈಕು ಕೈಕೊಡುವುದನ್ನು ನೀವು ಕಂಡಿದ್ದೀರಿ.) 160ಕ್ಕೂ ಹೆಚ್ಚು ಜನ ಸತ್ತರು. ಆ ಸಾವುಗಳನ್ನೆಲ್ಲ ಹಾಡಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಮಳೆ ಸೋರದಿರಲೆಂದು ಡೇರೆಯ ಬಟ್ಟೆಗೆ ಮೇಣವನ್ನು ಪೆಟ್ರೋಲಿನಲ್ಲಿ ಕರಗಿಸಿ ಬಳಿದಿದ್ದರು. ಪ್ರಾಣಿಗಳನ್ನು ಓಡಿಸುವ ಕಂಬಿದಾರಿಗಳು ಬಾಗಿಲಿಗೆ ಅಡ್ಡವಾಗಿದ್ದವು. ಆದರೂ ಮೊದಲ ಕೆಲವು ಕ್ಷಣಗಳ ಸುದ್ದಿ ಯಾರ ಪಾಲಿಗೆ ಹೋಯಿತು ಎಂಬುದನ್ನು ಗಮನಿಸಿ.

ಸುದ್ದಿ ಯಾರ ಪಾಲಿಗೆ ಹೋಗುತ್ತದೆ ಎಂಬುದಕ್ಕೆ ಪ್ರತಿಯೊಬ್ಬ ಗಿರಣಿ ಕಾರ್ಮಿಕನೂ ತಿಳಿದಿರಬೇಕಾದ ಉದಾಹರಣೆ ನ್ಯೂಯಾರ್ಕಿನ ಟ್ರಯಾಂಗಲ್ ರವಿಕೆ ಕಾರ್ಖಾನೆ. ಹತ್ತು ಮಹಡಿಯ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿ ಕಾರ್ಖಾನೆ. ಎಂಟರಲ್ಲಿ ಬಟ್ಟೆ ಕತ್ತರಿಸುವವರು, ಒಂಬತ್ತರಲ್ಲಿ ಸಾಲುಸಾಲಾಗಿ ಹೊಲಿಗೆಯ ಹೆಣ್ಣುಮಕ್ಕಳು, ಹತ್ತರಲ್ಲಿ ಕಚೇರಿ. ಮಾಲೀಕರಿಬ್ಬರೂ ಹತ್ತರಲ್ಲಿ. 1911ರ ಮಾರ್ಚ್ 25, ಶನಿವಾರ, ಕೆಲಸ ಬಿಡುವ ಹೊತ್ತು. ಎಂಟನೆಯ ಮಹಡಿಯಲ್ಲಿ ಬೆಂಕಿ ಎದ್ದಿತು. ಅಲ್ಲಿನವರು ಟೆಲಿಫೋನು ಮಾಡಿ ಹತ್ತನೆಯ ಮಹಡಿಗೆ ತಿಳಿಸಿದರು. ಒಂಬತ್ತಕ್ಕೆ ತಿಳಿಸಬೇಕಾದರೆ ಹತ್ತರಲ್ಲಿದ್ದ ಟೆಲಿಫೋನು ಹಲಗೆಯ ಮೂಲಕವೇ ಸಂಪರ್ಕ ಕೊಡಬೇಕಾಗಿತ್ತು. ಸುದ್ದಿ ಕೇಳಿದ ಗಾಬರಿಯಲ್ಲಿ ಅಲ್ಲಿನವರು ಹಲಗೆ ಬಿಟ್ಟು ಹೊರಟರು. ಕಚೇರಿಯವರು ಛಾವಣಿ ಹತ್ತಿ ಪಕ್ಕದ ಕಟ್ಟಡ ಸೇರಿದರು, ಮಾಲೀಕರೂ ಉಳಿದರು. ಒಂಬತ್ತನೆಯ ಮಹಡಿಗೆ ಸುದ್ದಿ ತಂದದ್ದು ಬೆಂಕಿಯೇ. ಅಲ್ಲಿಂದ ಇಳಿಯುವ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಒಟ್ಟು ಸತ್ತವರು 146 ಮಂದಿ. ಹೆಚ್ಚಿನವರು ಇಟಲಿಯಿಂದಲೂ ಪೂರ್ವ ಯೂರೋಪಿನ ಯಹೂದಿ ಮನೆಗಳಿಂದಲೂ ಹೊಟ್ಟೆಪಾಡಿಗೆ ಬಂದ ಹುಡುಗಿಯರು. ಕಿಟಕಿಯಿಂದ ಹಾರಿ ಸತ್ತವರೇ ಎಷ್ಟೋ ಮಂದಿ. ಆ ವರ್ಷದ ಡಿಸೆಂಬರಿನಲ್ಲಿ ನ್ಯಾಯಾಲಯ ಮಾಲೀಕರನ್ನು ನಿರ್ದೋಷಿಗಳೆಂದು ಬಿಟ್ಟಿತು.

ಇಲ್ಲಿ ಸಂಕೇತವೇ ಇರಲಿಲ್ಲವಲ್ಲ ಎನ್ನುತ್ತೀರೇನೊ. ಇರಲಿಲ್ಲ ನಿಜ. ಆದರೆ ಸುದ್ದಿ ಮೇಲಕ್ಕೆ ಹೋಗಿ, ಪಕ್ಕದವರಿಗೆ ಬಾರದೆ ಹೋಗುವ ವ್ಯವಸ್ಥೆ ಅಲ್ಲಿತ್ತು. ಗುಪ್ತ ಸಂಕೇತ ಅದೇ ವ್ಯವಸ್ಥೆಯ ನಯವಾದ ರೂಪ. ಒಂದರಲ್ಲಿ ತಂತಿ ಇಲ್ಲದೆ ಸುದ್ದಿ ಮುಟ್ಟುವುದಿಲ್ಲ, ಇನ್ನೊಂದರಲ್ಲಿ ಅರ್ಥ ಗೊತ್ತಿಲ್ಲದೆ.

ಗುಟ್ಟಿನ ಮಾತು ಬಹಳ ಕಾಲ ಆಡಿದರೆ ಆಡುವವನ ಬುದ್ಧಿಯೂ ಮಂಕಾಗುತ್ತದೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ 1987ರ ನವೆಂಬರ್ 18ರಂದು ಮರದ ಚಲಿಸುವ ಮೆಟ್ಟಿಲಿನ ಕೆಳಗೆ ಹತ್ತಿದ ಕಿಡಿ 31 ಜನರನ್ನು ಕೊಂದಿತು. ಅಲ್ಲಿಯ ರೈಲು ಸಂಸ್ಥೆಯಲ್ಲಿ ಅದಕ್ಕೆ ಮುಂಚೆ ಸಣ್ಣಪುಟ್ಟ ಬೆಂಕಿಗೆ ‘ಬೆಂಕಿ’ ಎನ್ನದೆ ‘ಹೊಗೆಯಾಡುವುದು’ ಎಂದು ಹೆಸರಿಡುವ ರೂಢಿಯಿತ್ತೆಂಬುದು ಬಳಿಕದ ವಿಚಾರಣೆಯಲ್ಲಿ ಹೊರಬಿತ್ತು. ಜನ ಗಾಬರಿಯಾಗಬಾರದೆಂದು ಹುಟ್ಟಿದ ಮಾತು ಸಿಬ್ಬಂದಿಯನ್ನೇ ಮಲಗಿಸಿತು.

ದೂರದ ಊರುಗಳ ಮಾತು ಸಾಕು, ನಮ್ಮ ದೇಶಕ್ಕೆ ಬರೋಣ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಸೈರನ್ನಿನ ಸಂಗತಿ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಆ ಕಾರ್ಖಾನೆಯಲ್ಲಿ ಎರಡು ಬಗೆಯ ಕೂಗು ಇತ್ತು: ಒಳಗಿನ ನೌಕರರಿಗೆ ಕೇಳುವ ಮೆಲುದನಿಯದು ಒಂದು, ಸುತ್ತಣ ಬಸ್ತಿಗಳಿಗೆ ಕೇಳುವ ಗಟ್ಟಿದನಿಯದು ಇನ್ನೊಂದು. ಸಣ್ಣ ಸೋರಿಕೆಗೆಲ್ಲ ಊರು ಬೆದರಬಾರದೆಂದು ಇವೆರಡನ್ನೂ ಬೇರ್ಪಡಿಸಿದ್ದರು. ಆ ರಾತ್ರಿ ವಿಷಾನಿಲ ಹೊರಬಿದ್ದಾಗ ಊರಿನ ಸೈರನ್ನನ್ನು ಸ್ವಲ್ಪ ಹೊತ್ತು ಕೂಗಿಸಿ ನಿಲ್ಲಿಸಿಬಿಟ್ಟರು. ಅದು ಮತ್ತೆ ಎಡೆಬಿಡದೆ ಕೂಗುವ ಹೊತ್ತಿಗೆ ಒಂದು ಗಂಟೆಗೂ ಹೆಚ್ಚು ಕಾಲ ಕಳೆದಿತ್ತು. ಒಳಗಿನವರು ಗಾಳಿ ಬೀಸುವ ದಿಕ್ಕು ನೋಡಿ, ಅದಕ್ಕೆ ಎದುರಾಗಿ ಓಡಿದರು. ಬಸ್ತಿಯವರು ಕೆಮ್ಮುತ್ತ ಎದ್ದು, ಎತ್ತ ಎಂಬುದು ತಿಳಿಯದೆ, ಗಾಳಿಯ ಜೊತೆಗೇ ಓಡಿದರು. ಮುಖಕ್ಕೆ ಒದ್ದೆ ಬಟ್ಟೆ ಹಿಡಿಯಿರಿ, ಗಾಳಿಯ ದಾರಿ ಬಿಟ್ಟು ನಡೆಯಿರಿ ಎಂಬ ಎರಡು ಮಾತು ಅವರಿಗೆ ಯಾರೂ ಹೇಳಿರಲಿಲ್ಲ. ಆ ದಿನಗಳ ಸಾವು ಸರ್ಕಾರದ ಮೊದಲ ಲೆಕ್ಕದಲ್ಲೇ 2,259. ಅನಂತರ ಸತ್ತವರು, ಕಣ್ಣು ಶ್ವಾಸಕೋಶ ಕೆಟ್ಟವರು ಬೇರೆ.

ಹೇಳಿರಲಿಲ್ಲವೆಂದೆವು, ಇಬ್ಬರು ಹೇಳಿದ್ದರು. 1982ರಲ್ಲಿ ಅಲ್ಲಿನ ಕಾರ್ಮಿಕ ಸಂಘದವರು ಅಪಾಯವಿದೆಯೆಂದು ಊರಿನಲ್ಲಿ ಭಿತ್ತಿಪತ್ರ ಹಚ್ಚಿದ್ದರು. ಅದೇ ವರ್ಷ ರಾಜ್‌ಕುಮಾರ್ ಕೇಸ್ವಾನಿಯೆಂಬ ಪತ್ರಕರ್ತರು ‘ರಪಟ್’ ಎಂಬ ತಮ್ಮ ಪುಟ್ಟ ವಾರಪತ್ರಿಕೆಯಲ್ಲಿ, ಈ ಊರನ್ನು ಉಳಿಸಿಕೊಳ್ಳಿ ಎಂದು ಎಲ್ಲರಿಗೂ ತಿಳಿಯುವ ಹಿಂದಿಯಲ್ಲಿ ಬರೆದರು. ದೊಡ್ಡ ಪತ್ರಿಕೆಗಳು ಕಿವಿಗೊಡಲಿಲ್ಲ. ಸಣ್ಣ ಊರಿನ ಸಣ್ಣ ವಾರಪತ್ರಿಕೆ ನಡೆಸುವ ನಮಗೆ ಈ ಸಂಗತಿ ಆಗಾಗ ನೆನಪಾಗುತ್ತದೆ. ಕಾಗದದ ಸಾಲ ತೀರಿಸಲಾಗದ ತಿಂಗಳುಗಳಲ್ಲಿ ವಿಶೇಷವಾಗಿ.

ಭೋಪಾಲದ ಅನಂತರ 1987ರಲ್ಲಿ ಅಂದಿನ ಕಾರ್ಖಾನೆ ಕಾಯಿದೆಗೆ ಒಂದು ಅಧ್ಯಾಯ ಸೇರಿಸಿದರು. ಅಪಾಯದ ವಿವರವನ್ನು ಕಾರ್ಮಿಕರಿಗೂ ಸುತ್ತಣ ಜನಕ್ಕೂ ತಿಳಿಸುವುದು ಕಾರ್ಖಾನೆಯವರ ಕರ್ತವ್ಯವಾಯಿತು. ಒದಗಲಿರುವ ಅಪಾಯವನ್ನು ಎತ್ತಿ ಹೇಳುವುದು ಕಾರ್ಮಿಕನ ಹಕ್ಕಾಯಿತು. ಸಾವಿರಾರು ಸಾವುಗಳ ಮೇಲೆ ಬಂದ ಹಕ್ಕು ಅದು. ಕಾಯಿದೆಗಳನ್ನು ಕೂಡಿಸಿ ಹೊಸ ಸಂಹಿತೆ ಮಾಡಿದವರು ಇದನ್ನು ತೆಳುಮಾಡದಂತೆ ನೋಡಿಕೊಳ್ಳಬೇಕಾದವರು ನಾವು.

ಭಾಷೆಯ ಮಾತೊಂದು ಉಳಿಯಿತು. ಇಂಗ್ಲಿಷು ಈ ದೇಶದಲ್ಲಿ ಬರಿ ಭಾಷೆಯಲ್ಲ, ಕೆಲವರು ಹಲವರನ್ನು ದೂರವಿಡುವ ಸಾಧನ ಎಂಬುದು ಡಾಕ್ಟರ್ ಲೋಹಿಯಾರವರ ವಾದವಾಗಿತ್ತು. ಅಪಾಯದ ಹೊತ್ತಿನಲ್ಲಿ ಈ ಮಾತಿನ ಅರ್ಥ ಬೆತ್ತಲೆಯಾಗಿ ಕಾಣುತ್ತದೆ. ಗೋಡೆಯ ಮೇಲೆ ಬೆಂಕಿಯ ಸೂಚನೆಯೆಲ್ಲ ಇಂಗ್ಲಿಷಿನಲ್ಲಿದ್ದರೆ ಅದನ್ನು ಓದಲಾರದವನಿಗೆ ಅದೂ ಒಂದು ಗುಪ್ತ ಸಂಕೇತವೇ. ಕನ್ನಡದಲ್ಲಿ ಬರೆದರೆ ಸಾಕೆಂದೂ ನಾವು ಹೇಳುವುದಿಲ್ಲ. ಈಗ ರಾತ್ರಿ ಪಾಳಿಯಲ್ಲಿ ಒಡಿಶಾದವರೂ ಬಿಹಾರದವರೂ ನಮ್ಮ ಪಕ್ಕದ ಯಂತ್ರದಲ್ಲಿ ನಿಂತಿರುತ್ತಾರೆ. ಗುತ್ತಿಗೆಯವರೆಂದು ಅವರನ್ನು ತಾಲೀಮಿಗೆ ಕರೆಯದಿದ್ದರೆ, ಅವರು ನಮ್ಮ ಒಂಬತ್ತನೆಯ ಮಹಡಿಯವರು. ಇದನ್ನು ಮಾಲೀಕರು ಮರೆತರೆ ಸಂಘ ನೆನಪಿಸಬೇಕು. ಸಂಘವೂ ಮರೆಯುತ್ತದೆಂಬುದು ನಮ್ಮ ನಾಚಿಕೆ.

ಸಂಕೇತಗಳು ಸಿಬ್ಬಂದಿಗಾದರೂ ಸರಿಯಾಗಿ ತಿಳಿಯುತ್ತವೆಯೆ? ಒಂದು ಆಸ್ಪತ್ರೆಯಲ್ಲಿ ಹಳದಿಯೆಂದರೆ ಒಂದು ಅರ್ಥ, ಇನ್ನೊಂದರಲ್ಲಿ ಬೇರೆ. ಕ್ಯಾಲಿಫೋರ್ನಿಯಾದ ಆಸ್ಪತ್ರೆಯೊಂದರಲ್ಲಿ ಗುಂಡು ಹಾರಿದಾಗ ತಪ್ಪು ಸಂಕೇತ ಕೂಗಿ, ಮೂವರು ಸತ್ತ ಮೇಲೆ, 2000ದಲ್ಲಿ ಅಲ್ಲಿನ ಆಸ್ಪತ್ರೆಗಳ ಸಂಘ ಎಲ್ಲರಿಗೂ ಒಂದೇ ಪಟ್ಟಿ ಬೇಕೆಂದು ತೀರ್ಮಾನಿಸಿತು. ಅಮೆರಿಕದ ಹಲವು ರಾಜ್ಯಗಳು ಈಚೆಗೆ ಬಣ್ಣಗಳನ್ನು ಬಿಟ್ಟು ಏನು, ಎಲ್ಲಿ, ಏನು ಮಾಡಬೇಕು ಎಂದು ನೇರ ಮಾತಿನಲ್ಲಿ ಹೇಳುವುದಕ್ಕೆ ತಿರುಗಿವೆ.

ಪೇಟೆಯ ಮಿತ್ರರು ಇದು ಗಿರಣಿಯ ವಿಷಯವೆಂದು ಎದ್ದು ಹೋಗಬಾರದು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಕೆಳಗಿನ ಟ್ರಾನ್ಸ್‌ಫಾರ್ಮರಿನಿಂದ ಹೊಗೆ ಎದ್ದು ಬಾಲ್ಕನಿ ಸೇರಿತು. ಮೈಕಿನಲ್ಲಿ ಯಾರೂ ಒಂದು ಮಾತೂ ಹೇಳಲಿಲ್ಲ. ಹೆಚ್ಚಿನ ಟಿಕೆಟ್ಟಿಗಾಗಿ ಕುರ್ಚಿ ಹಾಕಿ ಒಂದು ದಾರಿಯನ್ನೇ ಮುಚ್ಚಿದ್ದರು. 59 ಜನ ಸತ್ತರು. ನಿಮ್ಮ ಅಂಗಡಿಸಾಲಿನ ಹಿಂದಿನ ಓಣಿಯಲ್ಲಿ ಪೆಟ್ಟಿಗೆ, ಗೋಣಿಚೀಲ ಎಷ್ಟು ಎತ್ತರ ಬಿದ್ದಿವೆಯೆಂದು ನಿಮಗೇ ಗೊತ್ತು. ಅವನ್ನು ಹಾಕಿದವರು ಯಾವ ಬಂಡವಾಳಗಾರರೂ ಅಲ್ಲ.

ಗಿರಣಿಯ ಬಂಧುಗಳಿಗೆ ಬೆಂಕಿಯ ಪಾಠ ನಾವು ಹೇಳಬೇಕಾದುದಿಲ್ಲ. ಬ್ಲೋರೂಮಿನಲ್ಲಿ ಹತ್ತಿಯ ಜೊತೆ ಬಂದ ಕಬ್ಬಿಣದ ಚೂರು ಯಂತ್ರಕ್ಕೆ ತಾಗಿ ಕಿಡಿ ಹಾರಿದರೆ ಎಷ್ಟು ಬೇಗ ಹರಡುತ್ತದೆಂಬುದನ್ನು ನೀವು ನಮಗಿಂತ ಚೆನ್ನಾಗಿ ಬಲ್ಲಿರಿ. ನಾವು ಕೇಳಬೇಕಾದುದು ಇಷ್ಟು. ಅಪಾಯದ ಕೂಗು ಪಾಳಿಯ ಕೂಗಿಗಿಂತ ಬೇರೆಯಾಗಿರಲಿ, ಅದರ ಅರ್ಥ ಕಸ ಗುಡಿಸುವವಳಿಂದ ಮ್ಯಾನೇಜರವರೆಗೆ ಎಲ್ಲರಿಗೂ ಒಂದೇ ಆಗಿರಲಿ. ಸಿಬ್ಬಂದಿ ನೋಡಿಬರುವ ತನಕ ಗುಟ್ಟು ಬೇಕಾದರೆ ಅದಕ್ಕೆ ನಿಮಿಷಗಳ ಮಿತಿಯಿರಲಿ. ಆಮೇಲೆ ಕನ್ನಡದಲ್ಲಿ, ಹಿಂದಿಯಲ್ಲಿ, ಬೇಕಾದ ಇನ್ನಾವ ಭಾಷೆಯಲ್ಲಾದರೂ, ಬೆಂಕಿಯನ್ನು ಬೆಂಕಿಯೆಂದೇ ಕೂಗಲಿ. ಮೈಕು ಮುಟ್ಟಿದ ಕೆಲಸಗಾರನಿಗೆ ಮರುದಿನ ನೋಟೀಸು ಕೊಡುವುದಿಲ್ಲವೆಂದು ಬರವಣಿಗೆಯಲ್ಲಿ ಬರಲಿ.

ನಾಳೆ ಪಾಳಿಗೆ ಹೋದಾಗ ನಿಮ್ಮ ನಿಮ್ಮ ಖಾತೆಯ ಹಿಂಬಾಗಿಲನ್ನು ಒಮ್ಮೆ ತಳ್ಳಿ ನೋಡಿ. ಬೀಗ ಬಿದ್ದಿದ್ದರೆ ಕೀಲಿ ಯಾರ ಹತ್ತಿರವಿದೆ, ರಾತ್ರಿ ಪಾಳಿಯಲ್ಲಿ ಅವರು ಎಲ್ಲಿರುತ್ತಾರೆ ಎಂದು ಕೇಳಿಕೊಂಡು ಬನ್ನಿ. ಸಂಘದ ಕೋಣೆಯಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಬಾಗಿಲು ಬಾಗಿಲಿಗೂ ಒಂದೊಂದು ಸಾಲು ಬರೆಯಿರಿ. ಅಕ್ಷರ ಬಾರದವರು ಬಂದು ಹೇಳಿದರೆ ನಾವು ಬರೆದುಕೊಳ್ಳುತ್ತೇವೆ.